ಕಳ್ಳ ಕಟ್ಟಿದ ಕೆಂಪು ಪಟ್ಟಿ

ಮಂಗಳವಾರ ಬೆಳಿಗ್ಗೆ 8.20ಕ್ಕೆ ವಿಮಾನ ಕಂಪನಿಯ ಮ್ಯಾನೇಜರ್ ಠಾಣೆಗೆ ಬಂದು ಲಿಖಿತ ದೂರು ಕೊಟ್ಟ. ಒಂಬತ್ತು ಸೀಟಿನ ವಿಮಾನದ ಕಾಕ್‌ಪಿಟ್‌ನಿಂದ ಒಂದು ಕಾರ್ಡ್ ಕಳವಾಗಿದೆ, 7.30ರ ಹಾರಾಟ ರದ್ದಾಗಿದೆ. ಬೆಂಕಿಪೆಟ್ಟಿಗೆಗಿಂತ ಚಿಕ್ಕ ವಸ್ತುವಿಗೆ ಇಷ್ಟು ಬೆವರುವವನನ್ನು ಇನ್‌ಸ್ಪೆಕ್ಟರ್ ನೋಡಿದ್ದು ಅದೇ ಮೊದಲು. ಎಫ್‌ಐಆರ್ ದಾಖಲಾಯಿತು.

9.15ಕ್ಕೆ ಹ್ಯಾಂಗರ್‌ನಲ್ಲಿ ಪಂಚನಾಮೆ. ವಿಮಾನ ಹಾರಿಸಬೇಕಿದ್ದ ಯುವ ಮಹಿಳಾ ಪೈಲಟ್ ಕೆಲಸಕ್ಕೆ ಸೇರಿದ್ದು ಹಿಂದಿನ ದಿನವಷ್ಟೇ.

"ಆ ಕಾರ್ಡ್ ಏನು ಮಾಡುತ್ತಮ್ಮ?" ಇನ್‌ಸ್ಪೆಕ್ಟರ್ ಕೇಳಿದ.

"ಬೆಟ್ಟ, ಗೋಪುರ ಎಲ್ಲದರ ನಕ್ಷೆ ಅದರಲ್ಲಿರುತ್ತೆ ಸಾರ್. ನಾವೆಲ್ಲಿದೀವಿ, ಎಷ್ಟು ಎತ್ತರದಲ್ಲಿದೀವಿ ಅಂತ ಯಂತ್ರ ಆ ನಕ್ಷೆ ಜೊತೆ ತಾಳೆ ನೋಡುತ್ತೆ. ಹೀಗೇ ಹೋದ್ರೆ ನೆಲಕ್ಕೆ ಬಡೀತೀವಿ ಅಂದ್ರೆ ಸುಮಾರು ಒಂದು ನಿಮಿಷ ಮೊದಲೇ ಎಚ್ಚರಿಸುತ್ತೆ. ಆಮೇಲೂ ದಾರಿ ಬದಲಿಸದಿದ್ರೆ 'ಮೇಲೇರು, ಮೇಲೇರು' ಅಂತ ಕೂಗುತ್ತೆ."

"ಬೆಟ್ಟ ಕಣ್ಣಿಗೆ ಕಾಣಲ್ವಾ?" ಕಾನ್‌ಸ್ಟೇಬಲ್‌ಗೆ ಸಂಶಯ.

"ಮೋಡದೊಳಗೆ ಕಣ್ಣಿದ್ದೂ ಕುರುಡು. ಹಳೇ ಕಾಲದ ಯಂತ್ರ ನೇರ ಕೆಳಗೆ ಮಾತ್ರ ನೋಡ್ತಿತ್ತು. ಕಡಿದಾದ ಗುಡ್ಡ ಎದುರಾದ್ರೆ ಅದು ಕೂಗೋ ಹೊತ್ತಿಗೆ ಕತೆ ಮುಗಿದಿರ್ತಿತ್ತು. ಇದು ಮುಂದಕ್ಕೂ ನೋಡುತ್ತೆ. ಇದಿಲ್ಲದೆ ಮೋಡದ ದಿನ ನಾನು ಹಾರಲ್ಲ."

ಕಾರ್ಡ್ ಇದ್ದ ಪೆಟ್ಟಿಗೆಯ ನಾಲ್ಕು ತಿರುಪುಗಳೂ ಬಿಗಿಯಾಗಿದ್ದವು, ಒಂದಕ್ಕೂ ಗೀರಿಲ್ಲ. ಮೇಲೊಂದು ಕೆಂಪು ಪಟ್ಟಿ ತೂಗುತ್ತಿತ್ತು. ಭಾಗ ಬಿಚ್ಚಿದವರು ಅದನ್ನು ಕಟ್ಟಲೇಬೇಕು, ಗೊತ್ತಿಲ್ಲದೆ ಯಾರೂ ಹಾರಬಾರದು ಎಂಬುದಕ್ಕೆ.

"ಕದ್ದು ಬೋರ್ಡ್ ಬೇರೆ ಹಾಕಿ ಹೋಗಿದಾನಲ್ಲ ಸಾರ್. ಇಂಥ ಮರ್ಯಾದಸ್ಥ ಕಳ್ಳನನ್ನ ನಾನು ನೋಡಿಲ್ಲ," ಎಂದ ಕಾನ್‌ಸ್ಟೇಬಲ್.

ಪಟ್ಟಿಯ ಮೇಲೆ 417 ಎಂದು ಅಚ್ಚಾಗಿತ್ತು. ಸಾಮಾನು ಕೋಣೆಯ ರಿಜಿಸ್ಟರ್ ಪ್ರಕಾರ 401ರಿಂದ 450ರವರೆಗಿನ ಪಟ್ಟಿಗಳನ್ನು ಪಡೆದವನು ಇಪ್ಪತ್ತೊಂಬತ್ತು ವರ್ಷ ಸೇವೆಯ ಹಿರಿಯ ಮೆಕ್ಯಾನಿಕ್. 11.40ಕ್ಕೆ ಠಾಣೆಗೆ ಕರೆಸಿದಾಗ ಆತ ಸುತ್ತಿ ಬಳಸಿ ಮಾತಾಡಲಿಲ್ಲ. ಕನ್ನಡಕದ ಡಬ್ಬಿ ತೆರೆದು ಕಾರ್ಡ್ ತೆಗೆದು ಮೇಜಿನ ಮೇಲಿಟ್ಟ.

"ಪಟ್ಟಿ ಯಾಕೆ ಕಟ್ಟಿದ್ರಿ?"

"ಕಟ್ಟಿದ್ದು ನೆನಪೇ ಇಲ್ಲ ಸಾರ್. ಬಿಚ್ಚಿದ ಮೇಲೆ ಕೈ ತಾನಾಗೇ ಕಟ್ಟುತ್ತೆ."

"ಕಾರ್ಡ್ ಯಾಕೆ ತೆಗೆದ್ರಿ?"

"ಹಳೇದು. ಹೋದ ವರ್ಷ ವಿಮಾನದ ದಾರೀಲಿರೋ ಗುಡ್ಡದ ಮೇಲೆ ಕರೆಂಟಿನ ಗಾಳಿಯಂತ್ರದ ಎತ್ತರದ ಕಂಬ ನೆಟ್ರು. ಈ ಕಾರ್ಡ್‌ಗೆ ಅದು ಗೊತ್ತಿಲ್ಲ."

"ಹೊಸ ನಕ್ಷೆ ತುಂಬಿದೆ ಅಂತ ವಿಮಾನದ ರಿಪೇರಿ ಪುಸ್ತಕದಲ್ಲಿ ನಿಮ್ಮ ಸಹಿ ಇದೆ."

"ನಾಳೆ ತರಿಸ್ತೀನಿ, ಇವತ್ತು ಸಹಿ ಹಾಕು ಅಂದ್ರು ಮ್ಯಾನೇಜರ್. ಹಾಕಿದೆ. ಆ ನಾಳೆ ಬರಲೇ ಇಲ್ಲ."

"ಇಷ್ಟು ತಿಂಗಳು ಸುಮ್ಮನಿದ್ದು ಇವತ್ತೇ ಯಾಕೆ?"

"ಇಷ್ಟು ದಿನ ಹಾರಿಸ್ತಿದ್ದವನು ನನ್ನ ಅಳಿಯ. ಊಟಕ್ಕೆ ಕೂತಾಗ ಹೇಳಿದ್ದೆ, ಆ ಪೆಟ್ಟಿಗೆ ನಂಬಬೇಡ ಅಂತ. ಅವನು ಕೆಲಸ ಬಿಟ್ಟ. ಈ ಹುಡುಗಿಗೆ ಯಾರು ಹೇಳ್ತಾರೆ? ಇವತ್ತು ಗುಡ್ಡದ ತುಂಬ ಮೋಡ."

"ನೀವೇ ಹೇಳಬಹುದಿತ್ತು."

ಆತ ತಲೆ ತಗ್ಗಿಸಿದ. "ಹೇಳಿದ್ರೆ ನನ್ನ ಸಹಿ ಸುಳ್ಳು ಅಂತ ಒಪ್ಪಿಕೊಂಡ ಹಾಗೆ. ಲೈಸೆನ್ಸ್ ಹೋಗುತ್ತೆ. ಕಾರ್ಡ್ ಇಲ್ಲ ಅಂದ್ರೆ ಅವಳು ಹಾರಲ್ಲ. ಇದೆ ಅಂದ್ರೆ ನಂಬಿಬಿಡ್ತಾಳೆ ಸಾರ್."

12.55ಕ್ಕೆ ಬಂಧನ. ಕದಿಯುವಷ್ಟು ಧೈರ್ಯವಿದ್ದವನಿಗೆ ಬಾಯಿ ಬಿಡುವಷ್ಟು ಇರಲಿಲ್ಲ ಎಂದು ಇನ್‌ಸ್ಪೆಕ್ಟರ್‌ಗೆ ಅನ್ನಿಸಿತು. ಅದನ್ನು ಬರೆಯುವ ಕಾಲಂ ಯಾವ ಫಾರಂನಲ್ಲೂ ಇರಲಿಲ್ಲ.

ಸುದ್ದಿ ಕೇಳಿ ಮ್ಯಾನೇಜರ್ ನಗುತ್ತ ಬಂದ. "ಕಾರ್ಡ್ ಸಿಕ್ತಲ್ಲ ಸಾರ್, ಕೇಸ್ ಬೇಡ ಬಿಡಿ."

"ಕೂತ್ಕೊಳ್ಳಿ. ನಿಮ್ಮದೂ ಒಂದಿದೆ," ಎಂದು ಇನ್‌ಸ್ಪೆಕ್ಟರ್ ಸುಳ್ಳು ದಾಖಲೆಯ ಎರಡನೇ ಎಫ್‌ಐಆರ್ ಬರೆಸತೊಡಗಿದ.

2.30ಕ್ಕೆ ಹೇಳಿಕೆ ಕೊಡಲು ಪೈಲಟ್ ಬಂದಳು. ಬೆಂಚಿನ ಮೇಲಿದ್ದ ಮೆಕ್ಯಾನಿಕ್ ಎದ್ದು ನಿಂತ. ಎರಡು ಒಳ್ಳೆಯ ಮಾತು ಸಿಗಬಹುದು ಎಂದುಕೊಂಡಿದ್ದನೋ ಏನೋ. ಅವಳು ಕೇಳಿದ್ದು ಒಂದೇ ಪ್ರಶ್ನೆ.

"ಹೀಗೆ ಸಹಿ ಹಾಕಿದ್ದು ಇದೊಂದೇನಾ?"

ಆತ ಮತ್ತೆ ಬೆಂಚಿನ ಮೇಲೆ ಕುಳಿತುಬಿಟ್ಟ. ಅವಳು ಹೋದ ಮೇಲೆ ಕಾನ್‌ಸ್ಟೇಬಲ್‌ನಿಂದ ಹಾಳೆ, ಪೆನ್ನು ಇಸಿದುಕೊಂಡು, ವಿಮಾನದ ಯಾವ್ಯಾವ ಭಾಗಕ್ಕೆ ಸುಳ್ಳು ಸಹಿ ಹಾಕಿದ್ದೆನೆಂದು ತಾರೀಖು ಸಮೇತ ಬರೆಯತೊಡಗಿದ. 3.10ಕ್ಕೆ ಇನ್ನೊಂದು ಹಾಳೆ ಕೇಳಿದ.