ಉಲ್ಕೆಗೆ ವಯಸ್ಸು ಹೇಳುವವಳು

"ಮುಟ್ಟಬೇಡಿ!"

ಅವಳ ಕೂಗಿಗೆ ಅವನ ಕೈ ಗಾಳಿಯಲ್ಲೇ ನಿಂತಿತು. ಬೆರಳಿಗೂ ಆಕಾಶದಿಂದ ಬಿದ್ದ ಆ ಕಪ್ಪು ಕಲ್ಲಿಗೂ ಕೂದಲೆಳೆಯಷ್ಟೇ ಅಂತರ!

"ಗವಸು ಹಾಕಿದೀನಲ್ರೀ..." ಅವನು ನಕ್ಕ. ಅವಳು ನಾಚಿ ನೆಲ ನೋಡಿದಳು.

ಕಲ್ಲುಗಳ ವಯಸ್ಸು ಹೇಳುವ ಅವಳು ಪ್ರಯೋಗಾಲಯದವರ ಬಾಯಲ್ಲಿ 'ಕಾಲಜ್ಞಾನಿ'. ಸೂಕ್ಷ್ಮದರ್ಶಕಕ್ಕೆ ಕಣ್ಣಂಟಿಸಿಕೊಂಡೇ ಇರುವ ಅವನು 'ಭೂತಗನ್ನಡಿ'. ಉಲ್ಕೆಯ ಬಿರುಕಿನಲ್ಲಿ ಜೀವದ ಗುರುತಿನಂಥ ಎಳೆಗಳನ್ನು ಅವನು ಕಂಡಿದ್ದ. ಅವು ಮೇಲಿನಿಂದಲೇ ಬಂದವೋ, ಬಿದ್ದ ಮೇಲೆ ಅಂಟಿದವೋ? ಹೇಳಬೇಕಾದವಳು ಅವಳು.

"ಒಳಗಿನ ಯುರೇನಿಯಂ ನಿಧಾನಕ್ಕೆ ಸೀಸ ಆಗತ್ತೆ. ಆ ಲೆಕ್ಕದಲ್ಲಿ ಈ ಕಲ್ಲು ಭೂಮಿಗೇ ಅಜ್ಜ! ನಿಮ್ಮ ಎಳೆಗಳಿಗೆ ಮಾತ್ರ ಬೇರೆ ಗಡಿಯಾರ. ಈಚೆಗೆ ಬದುಕಿದ್ದ ಜೀವದಲ್ಲಿ ಒಂದು ಬಗೆಯ ಹೊಸ ಇಂಗಾಲ ಇರತ್ತೆ. ಅದು ಸಿಕ್ಕಿದ್ರೆ ಇವು ಬರೀ ನಮ್ಮ ನೆಲದ ಬೂಷ್ಟು."

"ಸಿಗದಿದ್ರೆ?"

"ನಿಮ್ಮನ್ನ ಹಿಡಿಯೋರೇ ಇಲ್ಲ!"

ಅವನ ಕಣ್ಣಲ್ಲಿ ಮೆಚ್ಚುಗೆ ಕಂಡು ಅವಳು ಎಳೆಯಿದ್ದ ಒಂದು ಚೂರು ಹಿಡಿದು ಅಳೆಯುವ ಯಂತ್ರದತ್ತ ಓಡಿದಳು.

ಆದರೆ... ಹೊಸ ಇಂಗಾಲ ಸಿಕ್ಕಿತು!

"ಬರಿಗೈಲಿ ಎಲ್ಲೋ ಮುಟ್ಟಿದೀರಿ ನೀವು!" ಎಲ್ಲರೆದುರೇ ಅಂದುಬಿಟ್ಟಳು. ಅವನು ಗವಸು ಕಳಚಿಟ್ಟು ಹೊರನಡೆದ.

ಕಲ್ಲಿಡುವ ಮುನ್ನ, ಬಟ್ಟಲು ಶುದ್ಧವಿದೆಯೇ ಎಂದು ಖಾಲಿ ಬಟ್ಟಲನ್ನು ಯಂತ್ರಕ್ಕೊಡ್ಡಿ ನೋಡುವುದು ಅಲ್ಲಿಯ ಪದ್ಧತಿ. ಅವನಿಗೆ ಬೇಗ ಸಿಹಿಸುದ್ದಿ ಹೇಳುವ ಆಸೆಗೆ ಅವಳು ಕಲ್ಲನ್ನೇ ಮೊದಲು ಇಟ್ಟಿದ್ದಳು. ಈಗ ಖಾಲಿ ಬಟ್ಟಲನ್ನು ಇಟ್ಟರೆ, ಅದರಲ್ಲೂ ಹೊಸ ಇಂಗಾಲ! ಕುಲುಮೆಯಲ್ಲಿ ಕಾಯಿಸಿ ಶುದ್ಧ ಮಾಡಿದ ಬಟ್ಟಲನ್ನು ಹತ್ತಿಬಟ್ಟೆಯಲ್ಲಿ ಒರೆಸಿದವಳು ತಾನೇ. ಹತ್ತಿಯೂ ನಿನ್ನೆ ಮೊನ್ನೆಯ ಜೀವವೇ ತಾನೆ?

'ಅಯ್ಯೋ... ಹೇಳಿದರೆ ನನ್ನ ಹೆಸರು ಹೋಗುತ್ತೆ. ಹೇಳದಿದ್ದರೆ ಅವನೇ ಹೋಗುತ್ತಾನೆ!'

ಪ್ರಯೋಗಾಲಯದ ಮುಖ್ಯಸ್ಥೆಯ ಕೋಣೆಯ ಬಾಗಿಲಿಗೆ ಬಂದರೆ ಒಳಗಿಂದ ಅವನ ದನಿ ಕೇಳಿತು. "ನಾನಂತೂ ಮುಟ್ಟಿಲ್ಲ. ಆದ್ರೆ ಅವರ ಅಳತೆ ಅಂದ್ರೆ ಅಳತೆ. ಎಳೆಗಳು ಇಲ್ಲಿನವೇ ಇರಬೇಕು, ನನ್ನ ವಾದ ವಾಪಸ್ ತಗೋತೀನಿ."

"ಬೇಡ! ತಪ್ಪು ನಂದು!" ಬಾಗಿಲು ತಳ್ಳಿ ಒಳಬಂದವಳು ಎಲ್ಲವನ್ನೂ ಹೇಳಿದಳು.

ಮುಖ್ಯಸ್ಥೆ ಹಣೆ ಚಚ್ಚಿಕೊಂಡರು. "ಸೋಲೋದಕ್ಕೂ ಪೈಪೋಟಿನಾ ನಿಮ್ಮಲ್ಲಿ? ಹೋಗಿ, ಇನ್ನೊಂದು ಚೂರು ಅಳೀರಿ!"

ಈ ಸಲ ಹೊಸ ಇಂಗಾಲದ ಸುಳಿವೇ ಇಲ್ಲ. ಎಳೆಗಳು ಮೇಲಿನವೇ!

"ಜೀವವೇ ಅಂತ ಇನ್ನೂ ಹೇಳಕ್ಕಾಗಲ್ಲ. ವರ್ಷಗಟ್ಟಲೆ ಹಿಡಿಯತ್ತೆ," ಎಂದವಳ ದನಿ ಇಳಿಯಿತು. "ಅಷ್ಟು ಅಂದೆನಲ್ಲ... ಸಿಟ್ಟಿಲ್ವಾ?"

"ಇತ್ತು. ತಪ್ಪು ನಂದು ಅಂತ ಓಡಿ ಬಂದ್ರಲ್ಲ... ಸಿಟ್ಟೂ ಹೋಯ್ತು, ಮನಸ್ಸೂ ನಿಮ್ಮ ಹಿಂದೇನೇ ಹೋಯ್ತು."

ಅವಳ ಕಣ್ಣು ತುಂಬಿತು. "ನಾನು ಬಲು ನಿಧಾನದವಳು. ಕಾಯ್ತೀರಾ?"

"ಪಕ್ಕದಲ್ಲಿ ಕೂರಿಸ್ಕೊಂಡ್ರೆ, ಅದನ್ನ ಕಾಯೋದು ಅಂತಾರೇನ್ರೀ?"

ಅವಳು ತನ್ನ ಕುರ್ಚಿಯನ್ನು ತುಸು ಸರಿಸಿ ಜಾಗ ಮಾಡಿದಳು.