ಗುರುವಾರದ ಕಾಲಿಂಚು

ಶುಕ್ರವಾರ ಬೆಳಗ್ಗೆ ಒಂಬತ್ತಕ್ಕೆ ಜಾಸ್ಮಿನ್ ಅಂಗಡಿಯ ಡ್ರಾಯರ್ ಎಳೆದಳು. ಸೀಮೆಸುಣ್ಣವಿತ್ತು, ಗುಂಡಿಗಳ ಡಬ್ಬಿಯಿತ್ತು, ಕತ್ತರಿಯಿತ್ತು. ಅಳತೆ ಪುಸ್ತಕ ಇರಲಿಲ್ಲ.

ಹಿಂದಿನ ರಾತ್ರಿ ಊಟ ಮುಗಿಸಿ ಅಲ್ಲೇ ಇಟ್ಟಿದ್ದಳು, ತನ್ನ ಕೈಯಾರೆ. ಶಿಕಾರಿಪುರದ ಪೇಟೆಯಲ್ಲಿ ಅವಳ ತಂದೆ ಬಡೇಸಾಬರ ದರ್ಜಿ ಅಂಗಡಿಯೆಂದರೆ ಅವರ ಮನೆಯ ಮುಂದಿನ ಕೋಣೆ. ಒಳಬಾಗಿಲು ಮನೆಗೆ, ಶಟರ್ ಬೀದಿಗೆ. ಬೀಗ ಮುರಿದಿರಲಿಲ್ಲ. ಮಷೀನು, ಇಸ್ತ್ರಿಪೆಟ್ಟಿಗೆ, ಹೊಲಿದಿಟ್ಟ ಬಟ್ಟೆ ಎಲ್ಲವೂ ಇದ್ದ ಹಾಗೇ ಇದ್ದವು. ಊರವರ ಎದೆ, ಸೊಂಟ, ತೋಳಿನ ಅಳತೆ ಬರೆದ ಹಳೇ ಪುಸ್ತಕ ಯಾವ ಕಳ್ಳನಿಗೆ ಬೇಕು?

ಬೇಕಾಗಿದ್ದು ಜಾಸ್ಮಿನ್‌ಗೆ. ಅವಳು ಇಂಜಿನಿಯರಿಂಗ್ ನಾಲ್ಕನೇ ಸೆಮಿಸ್ಟರ್. ಪ್ರಾಬಬಿಲಿಟಿ ಪಾಠ ಮಾಡುವ ನೀಲಾಂಬಿಕ ಮೇಡಂ ಪ್ರಾಜೆಕ್ಟ್ ಕೊಟ್ಟಿದ್ದರು: ನಿಮ್ಮೂರಿನಿಂದ ನಿಜವಾದ ಅಂಕಿಗಳನ್ನು ತನ್ನಿ. ಹೋದ ವರ್ಷ ಯಾರೋ ಹಾಸ್ಟೆಲಿನಲ್ಲಿ ಕೂತು ಅಂಕಿ ಹುಟ್ಟಿಸಿದ್ದರಿಂದ, ಈ ಸಲ ಮೂಲ ದಾಖಲೆ ತೋರಿಸದವರಿಗೆ ಸೊನ್ನೆ. ಮಂಗಳವಾರ ವೈವಾ. ಪುಸ್ತಕದ ಆರುನೂರ ನಲವತ್ತು ಅಳತೆಗಳನ್ನು ಲ್ಯಾಪ್‌ಟಾಪಿಗೆ ಏರಿಸಿಯಾಗಿತ್ತು. ಪುಸ್ತಕವಿಲ್ಲದೆ ಅವೂ ಕಟ್ಟುಕಥೆಯೇ.

ಅಂಗಡಿಗೆ ಬಂದುಹೋಗುವವರು ಮೂವರೇ. ಮಕ್ಕಳು ಅಬ್ಬಾ ಎಂದು ಕರೆಯುವ ತಂದೆ, ಎದುರು ಮೊಬೈಲ್ ರಿಪೇರಿ ಅಂಗಡಿಯಿಟ್ಟ ಅಣ್ಣ ಹಫೀಜ್, ಇಪ್ಪತ್ತೆರಡು ವರ್ಷದಿಂದ ಸೊರಬದ ಮೊದಲ ಬಸ್ಸಿಗೆ ಬಂದು ಶಟರ್ ಎತ್ತುವ ಮಾಸ್ತಪ್ಪ. ಅಮ್ಮಿ ಜೈಬುನ್ನೀಸಾ ಈ ಕಡೆ ಕಾಲಿಡುತ್ತಿದ್ದುದು ಚಹಾ ಕೊಡಲು ಮಾತ್ರ.

"ಭಾಯಿ, ಪುಸ್ತಕ ಎಲ್ಲಿ?"

"ನನ್ನ ಯಾಕೆ ಕೇಳ್ತಿ? ನಾನೇನು ಕಳ್ಳನಾ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಹಫೀಜನಿಗೆ ಚಿಕ್ಕಂದಿನ ಚಾಳಿ.

"ನಿನ್ನೆ ಊಟದಲ್ಲಿ ನಾವು ನಕ್ಕಿದ್ದಕ್ಕೆ ಸಿಟ್ಟು ಬಂದಿತ್ತಲ್ಲ?"

"ಬಂದಿತ್ತು. ಬರದೇ ಇರ್ತದಾ? ಅಬ್ಬಾ ಏನು ಅಳತೆ ಕೂಗಿದ್ರೋ ಅದನ್ನೇ ಬರ್ದೀನಿ ನಾನು. ನೀನು ರಿಪೋರ್ಟಲ್ಲಿ ನನ್ನ ಸೋಮಾರಿ ಅಂತ ಬರ್ದೀಯ."

ನಗುವಿನ ಸಂಗತಿ ಇಷ್ಟು. ದರ್ಜಿಯ ಟೇಪಿನಲ್ಲಿ ಒಂದಿಂಚಿಗೆ ನಾಲ್ಕು ಗೆರೆ: ಪೂರ್ತಿ, ಕಾಲು, ಅರ್ಧ, ಮುಕ್ಕಾಲು. ಮನುಷ್ಯರ ಮೈ ಲೆಕ್ಕ ನೋಡಿ ಬೆಳೆಯುವುದಿಲ್ಲ. ನೂರು ಅಳತೆ ತೆಗೆದರೆ ಸುಮಾರು ಐವತ್ತು ಕಾಲಿಗೋ ಮುಕ್ಕಾಲಿಗೋ ಬಂದು ನಿಲ್ಲಬೇಕು. ಪುಸ್ತಕದಲ್ಲಿ ಹಾಗೆಯೇ ಇತ್ತು, ಗುರುವಾರಗಳನ್ನು ಬಿಟ್ಟು. ಒಂದೂವರೆ ವರ್ಷದ ಗುರುವಾರಗಳ ಎಂಬತ್ತನಾಲ್ಕು ಅಳತೆಯಲ್ಲಿ ಕಾಲೂ ಇಲ್ಲ, ಮುಕ್ಕಾಲೂ ಇಲ್ಲ. ಒಂದೇ ಒಂದು ಇಲ್ಲ. ಎಂಬತ್ತನಾಲ್ಕು ಸಲ ನಾಣ್ಯ ಚಿಮ್ಮಿದರೆ ಎಂಬತ್ತನಾಲ್ಕು ಸಲವೂ ತಲೆಯೇ ಬಿದ್ದ ಹಾಗೆ.

ಗುರುವಾರ ಮಾಸ್ತಪ್ಪನಿಗೆ ರಜೆ. ಹೆಂಡತಿ ವನಜಮ್ಮನಿಗೆ ಪಾರ್ಶ್ವವಾಯು ಹೊಡೆದ ಮೇಲೆ ಆಸ್ಪತ್ರೆಗೆ ಕರೆದುಕೊಂಡು ಹೋಗುವ ದಿನ ಅದು. ಬೇರೆ ದಿನ ಅಳತೆ ಬರೆಯುವವನು ಮಾಸ್ತಪ್ಪ; ಆವತ್ತು ಬಡೇಸಾಬರು ಕೂಗಿದರೆ ಬರೆದುಕೊಳ್ಳುವವನು ಹಫೀಜ್. 'ಗುರುವಾರ ಬರೆದವನ ಅಸಡ್ಡೆ' ಎಂದು ಜಾಸ್ಮಿನ್ ರಿಪೋರ್ಟಿನಲ್ಲಿ ಷರಾ ಹಾಕಿ ಊಟದಲ್ಲಿ ಗಟ್ಟಿಯಾಗಿ ಓದಿದ್ದಳು. ಅಮ್ಮಿ ಬಿದ್ದು ಬಿದ್ದು ನಕ್ಕಿದ್ದರು. ಅಬ್ಬಾ ಮಾತ್ರ ಒಂದೇ ರೊಟ್ಟಿಗೆ ಎದ್ದು ಕೈ ತೊಳೆದಿದ್ದರು.

ಮಾಸ್ತಪ್ಪ ಮಷೀನಿಗೆ ಎಣ್ಣೆ ಬಿಡುತ್ತಿದ್ದ. ಅವನ ತಲೆಯ ಮೇಲೆ, ಗೋಡೆಗೆ ಹೊಡೆದ ಬಟ್ಟೆಯಲ್ಲಿ, ದಾರ ಕಳಚಿದ ಸೂಜಿಗಳು ಸಾಲಾಗಿ ಚುಚ್ಚಿಕೊಂಡಿದ್ದವು. ಕತ್ತರಿ ಮೇಜಿನ ಹಿಂದೆ ಅಬ್ಬಾ ಕೂತಿದ್ದರು.

"ಮಾಮಾ, ಶಟರ್ ಎತ್ತಿದ್ದು ನೀವು. ಅಳತೆ ಪುಸ್ತಕ ನೋಡಿದ್ರಾ?"

"ಇಲ್ವಲ್ಲ ಮಗಾ. ಡ್ರಾಯರಲ್ಲಿ ಇಲ್ಲೇನು?"

"ಇಲ್ಲ. ಗುರುವಾರದ ಹಾಳೆಗಳ ಮೇಲೆ ಯಾರದೋ ಕಣ್ಣು ಬಿದ್ದಿದೆ. ಆವತ್ತಿನ ಅಳತೆಗಳಲ್ಲಿ ಕಾಲಿಂಚೇ ಇಲ್ಲ ಅಂತ ನಿನ್ನೆ ಓದಿ ಹೇಳಿದ್ದೆ."

ಮಾಸ್ತಪ್ಪನ ಕೈ ನಿಂತಿತು. ಅವನು ಅವಳನ್ನು ನೋಡಲಿಲ್ಲ; ಬಡೇಸಾಬರನ್ನು ನೋಡಿದ. ಅವರು ಕತ್ತಿನ ಟೇಪನ್ನು ಎರಡೂ ಕೈಯಲ್ಲಿ ಹಿಡಿದು ನೆಲ ನೋಡುತ್ತಿದ್ದರು.

"ನಾನೇ ತಗಂಡೆ," ಎಂದ ಮಾಸ್ತಪ್ಪ.

"ನೀವಾ? ಯಾಕೆ?"

"ಹಂಗೇ. ಬುದ್ಧಿ ಕೆಟ್ಟಿತ್ತು. ಸುಟ್ಟಾಕಿದೆ."

ಅಷ್ಟೇ. ಎಣ್ಣೆಯ ಕೈಯನ್ನು ಚಿಂದಿಗೆ ಒರೆಸಿದ, ಅಂಗಡಿಯ ಬೀಗದ ಕೈ ಮೇಜಿನ ಮೇಲಿಟ್ಟ, ಬುತ್ತಿ ಚೀಲ ಎತ್ತಿಕೊಂಡು ಮೆಟ್ಟಿಲಿಳಿದ. ಅಬ್ಬಾ ಒಂದು ಮಾತೂ ಆಡಲಿಲ್ಲ. ಜಾಸ್ಮಿನ್‌ಗೆ ಅಕ್ಷರ ತಿದ್ದಿಸಿದ್ದು, ಮೊದಲ ಸ್ಕೂಲ್ ಯೂನಿಫಾರಂ ಹೊಲಿದದ್ದು ಇದೇ ಮಾಸ್ತಪ್ಪ. ತಪ್ಪಿತಸ್ಥ ಸಿಕ್ಕಿದ್ದ, ಆದರೆ ಅವನು ತಿರುವಿನಲ್ಲಿ ಮರೆಯಾಗುವವರೆಗೂ ಅವಳು ಬಾಗಿಲಲ್ಲೇ ನಿಂತು ನೋಡಿದಳು.

ಶನಿವಾರ ಇಡೀ ದಿನ ಅವಳು ಅಂಗಡಿಯಲ್ಲೇ ಕೂತಳು. ಸುನಿತಾ ಟೀಚರ್ ರವಿಕೆ ಬಟ್ಟೆ ತಂದರು.

"ಮುಂದಿನ ವಾರ ಬರ್ರೀ, ಅಳತೆ ತಗೋತೀನಿ," ಎಂದರು ಅಬ್ಬಾ.

"ಈಗಲೇ ತಗೊಳ್ರಿ ಬಡೇಸಾಬ್ರೆ, ನಿಂತೇ ಇದೀನಲ್ಲ?"

"ಮುಂದಿನ ವಾರ."

ಆಮೇಲೆ ಬಂದ ನಾಲ್ವರಿಗೂ ಅದೇ ಉತ್ತರ. ಕೊನೆಯವರು ಹೋದ ಮೇಲೆ ಅವರು ಶಟರನ್ನು ಅರ್ಧ ಇಳಿಸಿದರು. ಮಾಸ್ತಪ್ಪನಿಲ್ಲದಿದ್ದರೆ ಈ ಅಂಗಡಿ ಒಂದು ತಿಂಗಳೂ ನಡೆಯುವುದಿಲ್ಲ ಎಂಬುದು ಅವಳಿಗೆ ಅರ್ಥವಾಯಿತು. ಯಾಕೆಂಬುದು ಅರ್ಥವಾಗಲಿಲ್ಲ.

ಭಾನುವಾರ ಸೊರಬದ ಬಸ್ಸು ಹತ್ತಿದಳು.

ಮಾಸ್ತಪ್ಪನ ಮನೆಯ ಪಡಸಾಲೆಯಲ್ಲಿ ವನಜಮ್ಮ ಎಡಗೈಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಮಾಸ್ತಪ್ಪ ಕಿಟಕಿಯ ಬೆಳಕಿಗೆ ಬೆನ್ನು ಮಾಡಿ ಏನೋ ಮಾಡುತ್ತಿದ್ದವನು, ಅವಳನ್ನು ಕಂಡು ಅದನ್ನು ಪಕ್ಕಕ್ಕೆ ಸರಿಸಿದ.

"ಮಾಮಾ, ಪುಸ್ತಕ ಎಲ್ಲಿ ಸುಟ್ರಿ?"

"ಒಲೆಗೆ ಹಾಕ್ದೆ."

"ಯಾವ ಒಲೆ?"

"ನಮ್ಮನೆ ಒಲೆ, ಮತ್ತೆಂತ."

ವನಜಮ್ಮ ತೊದಲುತ್ತಲೇ ಬಾಯಿ ಹಾಕಿದಳು. "ಯಾವ ಒಲೆ ಮಾರಾಯ್ರೆ? ನಂಗೆ ಹಿಂಗಾದ ಮೇಲೆ ಸೌದೆ ಒಲೆ ಹಚ್ಚಿದ್ದೇ ಇಲ್ಲ. ಗ್ಯಾಸಲ್ಲಿ ಪುಸ್ತಕ ಸುಡ್ತಾರೇನು?"

ಮಾಸ್ತಪ್ಪ ತಲೆ ತಗ್ಗಿಸಿದ.

"ಸುಳ್ಳು ಯಾಕೆ ಹೇಳ್ತೀರಿ ಮಾಮಾ? ಯಾರಿಗೋಸ್ಕರ?"

"ಅದೊಂದ್ ಕೇಳ್ಬೇಡ ಮಗಾ. ಕಳ್ಳ ಅನ್ನಿಸ್ಕಂಡ್ರೆ ನಂಗೇನೂ ಕಮ್ಮಿ ಆಗಲ್ಲ."

"ಅದೇನು ಪಕ್ಕಕ್ಕೆ ಸರಿಸಿದ್ರಲ್ಲ?"

ಒಂದು ತುಂಡು ಬಟ್ಟೆ. ಅದರಲ್ಲಿ ಏಳು ಸೂಜಿ. ಬಿಳಿ, ಕಪ್ಪು, ಕೆಂಪು, ಹಸಿರು—ಒಂದೊಂದಕ್ಕೂ ಒಂದೊಂದು ಬಣ್ಣದ ದಾರ ಪೋಣಿಸಿತ್ತು.

"ನಾಳೆ ಆ ಕಡೆ ಹೋಗೋರು ಯಾರಾದ್ರೂ ಸಿಕ್ಕಿದ್ರೆ ಸಾಬ್ರಿಗೆ ಕಳಿಸೋಣ ಅಂತ," ಎಂದ ಅವನು.

ಜಾಸ್ಮಿನ್ ಆ ಬಟ್ಟೆಯನ್ನು ತೆಗೆದುಕೊಂಡು ಎದ್ದಳು. ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಶಿಕಾರಿಪುರದವರೆಗೂ ಅತ್ತಳು.

ಅಂಗಡಿಯ ಶಟರ್ ಇನ್ನೂ ಅರ್ಧವೇ ಇತ್ತು. ಅವಳು ಬಗ್ಗಿ ಒಳಗೆ ಹೋದಳು. ಸೂಜಿಗಳ ಬಟ್ಟೆಯನ್ನು ಮೇಜಿನ ಮೇಲಿಟ್ಟಳು.

"ಮಾಸ್ತಪ್ಪ ಮಾಮ ಕಳಿಸಿದಾರೆ."

ಅಬ್ಬಾ ಬೆರಳಿನಿಂದ ಸೂಜಿಗಳನ್ನು ಸವರಿದರು, ಎಣಿಸುವವರ ಹಾಗೆ.

"ಅಬ್ಬಾ, ನಾನು ತಪ್ಪು ಓದಿದೆ. ಮೇಡಂ ಕಂಡೀಷನಲ್ ಪ್ರಾಬಬಿಲಿಟಿ ಹೇಳಿಕೊಡುವಾಗ ಒಂದು ಮಾತು ಹೇಳಿದ್ರು. ಒಂದು ದಿನ ಲೆಕ್ಕ ಬೇರೆ ಥರ ಬಂದ್ರೆ, ಆ ದಿನ ಯಾರು ಬಂದ್ರು ಅಂತಷ್ಟೇ ನೋಡಬೇಡಿ, ಯಾರು ಬರಲಿಲ್ಲ ಅಂತಲೂ ನೋಡಿ ಅಂತ. ನಾನು ಬಂದವನನ್ನ ಮಾತ್ರ ನೋಡಿದೆ. ಹಫೀಜ್ ನೀವು ಕೂಗಿದ್ದನ್ನೇ ಬರೆದ. ನೀವು ಕಾಲು, ಮುಕ್ಕಾಲು ಕೂಗಲೇ ಇಲ್ಲ. ಪೂರ್ತಿ, ಅರ್ಧದ ದಪ್ಪ ಗೆರೆ ನಿಮಗೆ ಕಾಣ್ತದೆ, ಕಾಲು, ಮುಕ್ಕಾಲಿನ ಸಣ್ಣ ಗೆರೆ ಕಾಣಲ್ಲ. ಉಳಿದ ಆರು ದಿನ ಪಕ್ಕದಲ್ಲಿ ನಿಂತು ಟೇಪು ಓದ್ತಾ ಇದ್ದಿದ್ದು ಮಾಮ. ಬುಧವಾರ ಹೋಗೋ ಮುಂಚೆ ಗುರುವಾರಕ್ಕೆ ಸೂಜಿ ಪೋಣಿಸಿಟ್ಟು ಹೋಗ್ತಿದ್ರು."

ಅಬ್ಬಾ ಒಂದು ಸೂಜಿಯನ್ನು ಎಳೆದು, ಅದರ ದಾರವನ್ನು ಬೆರಳಿಗೆ ಸುತ್ತಿಕೊಂಡರು.

"ನಾನು ರಿಪೋರ್ಟ್ ಓದಿದ್ದು ಊಟದಲ್ಲಿ. ಮಾಮ ಅಲ್ಲಿರಲಿಲ್ಲ, ಗುರುವಾರದ ಮಾತು ಅವರಿಗೆ ಗೊತ್ತಾಗಿದ್ದೇ ಮಾರನೇ ದಿನ, ನನ್ನ ಬಾಯಿಂದ. ಅಷ್ಟರಲ್ಲಿ ಪುಸ್ತಕ ಹೋಗಿಯಾಗಿತ್ತು. ತೆಗೆದಿದ್ದು ನೀವು, ಅಬ್ಬಾ."

ದೀಪದ ಬುಡದಲ್ಲೇ ಕತ್ತಲೆ ಅನ್ನುತ್ತಾರೆ. ಅವಳು ಎರಡು ಊರು ಸುತ್ತಿದ್ದಳು.

"ಶಿವಮೊಗ್ಗದ ಡಾಕ್ಟ್ರು ಹೇಳಿದಾರೆ," ಎಂದರು ಬಡೇಸಾಬರು. "ಕಣ್ಣಿನ ನರ ಹೋಗ್ತಾ ಇದೆ. ಔಷಧಿ ನಿಲ್ಲಿಸಿದ್ರೆ ಇರೋದೂ ಹೋಗ್ತದಂತೆ; ಹೋಗಿದ್ದು ಬರಲ್ಲ. ಮಾಸ್ತಪ್ಪನೇ ಕರ್ಕೊಂಡು ಹೋಗಿದ್ದ. ನಿಮ್ಮ ಅಮ್ಮಿಗೆ ಹೇಳಬೇಡ ಅಂದಿದ್ದೆ. ನಿನ್ನ ಓದು ಮುಗಿಯೋವರೆಗೆ ಹೆಂಗಾದ್ರೂ ದೂಡಣ ಅಂತ. ಆ ಪುಸ್ತಕ ನಿಮ್ಮ ಮೇಡಂ ನೋಡಿದ್ರೆ, ಓದಿದೋರು, ಅವರಿಗೆ ಗೊತ್ತಾಗಿಬಿಡ್ತದೆ ಅನ್ನಿಸ್ತು."

"ಮಾಮ ಒಪ್ಪಿಕೊಂಡಾಗ ನೀವು ಸುಮ್ಮನೆ ಕೂತ್ರಿ."

"ಕೂತೆ. ಕಣ್ಣು ಹೋಗೋದಕ್ಕೆ ನಾನು ಅತ್ತಿಲ್ಲ ಬೇಟಾ. ಹಂಗೆ ಸುಮ್ಮನೆ ಕೂತಿದ್ದಕ್ಕೆ ಎರಡು ದಿನದಿಂದ ಅಳ್ತಾ ಇದೀನಿ. ಫೋನು ಹಚ್ಚು ಅವನಿಗೆ."

ನಂಬರನ್ನು ಬಾಯಲ್ಲೇ ಹೇಳಿದರು. ಅವಳು ಒತ್ತಿ ಅವರ ಕಿವಿಗಿಟ್ಟಳು. "ಮಾಸ್ತಪ್ಪ," ಎಂದವರಿಗೆ ಮುಂದಿನ ಮಾತು ಹೊರಡಲಿಲ್ಲ. ಆ ಕಡೆಯಿಂದ ಕೇಳಿದ್ದು ಇಷ್ಟೇ: "ಸಾಬ್ರೆ, ನಾಳೆ ಮೊದಲನೇ ಬಸ್ಸಿಗೆ ಬರ್ತೀನಿ. ಬೀಗದ ಕೈ ಅಲ್ಲೇ ಬಿಟ್ಟೀನಿ, ಶಟರ್ ನೀವೇ ಎತ್ತಿಡ್ರಿ."

ಆಮೇಲೆ ಅಬ್ಬಾ ಎದ್ದು, ಲೈನಿಂಗ್ ಬಟ್ಟೆಯ ರಾಶಿಯ ಅಡಿಯಿಂದ ಅಳತೆ ಪುಸ್ತಕ ತೆಗೆದು ಕೊಟ್ಟರು.

"ಸುಡೋಕೆ ಮನಸ್ಸು ಬರ್ಲಿಲ್ಲ. ಗುರುವಾರದ ಹಾಳೆ ಅಷ್ಟೇ ಕತ್ತರಿಸಿ ಹಾಕಿದೀನಿ. ಹಫೀಜಂದು ದೊಡ್ಡ ಅಕ್ಷರ, ಅದರ ಮೇಲೆ ಗುರುತು ಹಿಡಿದೆ. ಉಳಿದದ್ದು ತೋರಿಸಿದ್ರೆ ಮಾರ್ಕ್ಸ್ ಕೊಡ್ತಾರಲ್ಲ?"

ಅವಳು ತೆರೆದಳು. ಕತ್ತರಿಸಿದ ಅಂಚುಗಳು ಸೊಟ್ಟಗೆ ಓಡಿದ್ದವು. ಸೀಮೆಸುಣ್ಣದ ಗೆರೆಯೇ ಇಲ್ಲದೆ ನೇರ ಕತ್ತರಿಸುತ್ತಾರೆಂದು ಊರೆಲ್ಲ ಹೊಗಳಿದ ಕೈ ಅದು. ಅವಳು ಹಾಳೆ ಮಗುಚಿದಳು. ಸೋಮವಾರ ಹೋಗಿತ್ತು. ಶನಿವಾರ ಹೋಗಿತ್ತು. ಅವರು ಕತ್ತರಿಸಿದ್ದೆಲ್ಲ ಮಾಸ್ತಪ್ಪನ ದುಂಡು ಅಕ್ಷರದ ಹಾಳೆಗಳನ್ನೇ. ಹಫೀಜನ ವಾಲಿದ ದೊಡ್ಡ ಅಕ್ಷರದ ಗುರುವಾರಗಳು ಒಂದೂ ಬಿಡದೆ ಅಲ್ಲೇ ಕೂತಿದ್ದವು.

"ಗುರುವಾರ ಎಲ್ಲಾ ಹೋಗಿದಾವಲ್ಲ, ಬೇಟಾ?"

ಜಾಸ್ಮಿನ್ ಪುಸ್ತಕ ಮುಚ್ಚಿ ಎದೆಗೊತ್ತಿಕೊಂಡಳು.

"ಹೋಗಿದಾವೆ ಅಬ್ಬಾ," ಎಂದಳು. "ಒಂದೂ ಉಳಿದಿಲ್ಲ."