ಮಾರಿದವರೇ ಅಳಿಸಬೇಕು

"ಮಾರೋರು ಒಳಗಿರೋದನ್ನೆಲ್ಲ ತಮ್ಮ ಕೈಯಾರೆ ಅಳಿಸಿ ಕೊಡದ ಹಳೇ ಫೋನ್ ಮಾತ್ರ ತಗೋಬೇಡಮ್ಮ. ಪುಕ್ಕಟೆ ಕೊಟ್ರೂ ಬೇಡ," ಎಂದ ಮೆಟ್ಟಿಲಡಿಯ ರಿಪೇರಿಯವನು.

ಅವನ ಉಳಿದ ಬುದ್ಧಿಮಾತುಗಳಿಗೆಲ್ಲ ಅವಳು ತಲೆಯಾಡಿಸಿದ್ದಳು. ಹಗಲಲ್ಲೇ, ಜನ ಓಡಾಡುವ ಕಡೆಯೇ ಭೇಟಿಯಾಗು. ಮೊದಲೇ ದುಡ್ಡು ಕಳಿಸಬೇಡ. ಬಿಲ್ಲು, ಡಬ್ಬಿ ಕೇಳು. ಡಬ್ಬಿಯ ಮೇಲಿನ ನಂಬರೂ ಫೋನಿನೊಳಗಿನ ನಂಬರೂ ತಾಳೆಯಾಗುತ್ತವೋ ನೋಡು, ಕದ್ದ ಮಾಲು ಕೊಂಡು ಠಾಣೆ ಮೆಟ್ಟಿಲು ಹತ್ತಬೇಡ. ಎಲ್ಲ ಸರಿ. ಈ ಕೊನೆಯದಕ್ಕೆ ಮಾತ್ರ ಅವಳಿಗೆ ನಗು ಬಂತು.

"ಬಾಡಿಗೆ ಮನೆಗೆ ಹೋದ್ರೆ ಹಳಬರ ಕಸ ನಾವೇ ಗುಡಿಸಲ್ವಾ ಅಣ್ಣಾ? ಪೊರಕೆ ನನ್ನ ಹತ್ರಾನೂ ಇದೆ."

ಅವನು ನಗಲಿಲ್ಲ. ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿ ತೆಗೆದು ಅಂಗಿಯ ತುದಿಯಲ್ಲಿ ಒರೆಸುತ್ತ ಕುಳಿತ. "ಕಸ ಆದ್ರೆ ಗುಡಿಸಬಹುದು. ಒಂದೊಂದರಲ್ಲಿ ಮಾಟ ಕಟ್ಟಿರ್ತಾರೆ. ಅಳಿಸಿದವರ ಕೈಗೆ ಅಂಟಿಕೊಳ್ಳತ್ತೆ. ಅಂಥದ್ದು ತಂದವಳೊಬ್ಬಳ ಗತಿ ನಾನೇ ಕಣ್ಣಾರೆ ನೋಡಿದ್ದೀನಿ."

"ಅಯ್ಯೋ, ಮಾಟಗಾರರೂ ಆನ್‌ಲೈನ್‌ಗೆ ಬಂದ್ರಾ? ಅವರಿಗೂ ಸ್ಟಾರ್ ಕೊಡಬೇಕೇನಪ್ಪ!" ಎಂದು ಅವಳು ಸೆರಗು ಬಾಯಿಗಿಟ್ಟುಕೊಂಡು ನಗುತ್ತ ನೆಲಮಾಳಿಗೆಯ ಮೆಟ್ಟಿಲಿಳಿದಳು.

ನೆಲಮಾಳಿಗೆಯಲ್ಲಿ ಹೊಲಿಗೆಯ ಕಾರ್ಖಾನೆ. ಕಿಟಕಿಯಿಲ್ಲದ ಉದ್ದನೆ ಕೋಣೆ, ನಲವತ್ತು ಯಂತ್ರಗಳ ಗದ್ದಲ, ಇಸ್ತ್ರಿಯ ಉಗಿ, ಬಿಸಿ ಬಟ್ಟೆಯ ವಾಸನೆ. ಅವಳ ಪಾಲಿಗೆ ಬಂದದ್ದು ಕಾಜಾ ಮಾಡಿ ಗುಂಡಿ ಕೂರಿಸುವ ಕೆಲಸ. ಹಾಗಾಗಿ ಎಲ್ಲರ ಬಾಯಲ್ಲೂ ಅವಳು 'ಕಾಜಾ'. ಊರಿಗೆ ಬಂದು ನಾಲ್ಕೇ ತಿಂಗಳು. ಗಂಡ ತೀರಿಕೊಂಡ ಮೇಲೆ ಐದು ವರ್ಷದ ಮಗಳನ್ನು ಸೊಂಟಕ್ಕೇರಿಸಿಕೊಂಡು ಅಕ್ಕನ ಮನೆ ಸೇರಿದ್ದಳು. ಮಗಳನ್ನು ಗುಬ್ಬಿ ಎಂದು ಕರೆಯುತ್ತಿದ್ದಳು. ಗುಬ್ಬಿ ಇದ್ದದ್ದರಿಂದಲೇ ಅವಳು ಬೆಳಿಗ್ಗೆ ಏಳುತ್ತಿದ್ದಳು, ಉಣ್ಣುತ್ತಿದ್ದಳು, ನಗುತ್ತಿದ್ದಳು. "ಬಟ್ಟೆ ಹರೀಬಹುದು, ನಾನು ಹಾಕಿದ ಗುಂಡಿ ಉದುರಲ್ಲ" ಎಂದು ಜಂಬ ಕೊಚ್ಚಿಕೊಳ್ಳುವಷ್ಟು ಚೇತರಿಸಿಕೊಂಡಿದ್ದೂ ಆ ಮಗುವಿನಿಂದಲೇ. ಹಳೆಯ ಫೋನು ಇಸ್ತ್ರಿ ಮೇಜಿನಿಂದ ಬಿದ್ದು ಸತ್ತುಹೋಗಿತ್ತು. ಮಧ್ಯಾಹ್ನ ಊಟದ ಬಿಡುವಿನಲ್ಲಿ ವಿಡಿಯೊ ಕರೆಯಲ್ಲಿ ಮಗಳ ಮುಖ ನೋಡದೆ ಅವಳಿಗೆ ತುತ್ತು ಇಳಿಯುತ್ತಿರಲಿಲ್ಲ. ಅದಕ್ಕೇ ಈ ಫೋನಿನ ಹುಡುಕಾಟ.

ಮಾರಾಟಗಾರ್ತಿ ಬಸ್ ನಿಲ್ದಾಣದೆದುರಿನ ಚಹಾದಂಗಡಿಗೆ ಬಂದಳು. ಹಾಡಹಗಲು, ಸುತ್ತ ಜನ. ಬಿಲ್ಲಿತ್ತು, ಡಬ್ಬಿಯಿತ್ತು, ನಂಬರು ಅಂಕಿಗೆ ಅಂಕಿ ತಾಳೆಯಾಯಿತು. ಬೆಲೆಯೂ ಅಗ್ಗ. ಆದರೆ ಆ ಹೆಂಗಸು ಫೋನನ್ನು ಬರಿಗೈಯಲ್ಲಿ ಮುಟ್ಟಲಿಲ್ಲ, ಕರವಸ್ತ್ರದಲ್ಲಿ ಹಿಡಿದು ಮೇಜಿನ ಮೇಲಿಟ್ಟಳು. ಅವಳ ಮೈಯಿಂದ ಕೂದಲು ಸುಟ್ಟಂಥ ಕಮಟು ವಾಸನೆ ಬರುತ್ತಿತ್ತು.

"ಇದರಲ್ಲಿ ನನ್ನ ಮಗನ ಫೋಟೊ ಇವೆ," ಎಂದಳು ತಲೆಯೆತ್ತದೆ. "ಅಳಿಸೋಕೆ ನನಗೆ ಕೈ ಬರ್ತಿಲ್ಲ. ನೀವೇ ಅಳಿಸಿಕೊಂಡುಬಿಡಿ."

ರಿಪೇರಿಯವನ ಮಾತು ನೆನಪಾಗದೆ ಇರಲಿಲ್ಲ. ಆದರೆ ಕಾಜಾ ಆ ಹೆಂಗಸಿನ ಬಾಗಿದ ತಲೆಯನ್ನೇ ನೋಡಿದಳು. ಪಾಪ, ಹುಡುಗ ತೀರಿಕೊಂಡಿರಬೇಕು. ಹೆತ್ತವಳಿಗೆ ಅಳಿಸು ಎಂದು ಯಾವ ಬಾಯಲ್ಲಿ ಹೇಳುವುದು? "ಆಯ್ತು ಬಿಡಿ ಅಕ್ಕಾ, ನಾನೇ ಅಳಿಸ್ಕೋತೀನಿ" ಎಂದಳು.

"ನಿಮಗೆ ಮಕ್ಕಳಿದ್ದಾರಾ?"

"ಒಬ್ಬಳು ಮಗಳು."

ಆ ಹೆಂಗಸು ಕಣ್ಣು ಮುಚ್ಚಿಕೊಂಡಳು. ಬಾಯಿ ತೆರೆದಳು, ಏನೋ ಹೇಳುವವಳಿದ್ದಳು. ಬದಲಿಗೆ ದುಡ್ಡು ಎಣಿಸಿ ಸೆರಗಿಗೆ ಕಟ್ಟಿಕೊಂಡಳು. ಚಹಾ ಮುಟ್ಟದೆ ಎದ್ದು ಹೋದಳು.

ಫೋನಿನ ಹಿಂಬದಿಯ ಕವಚ ಬಿಚ್ಚಿದಾಗ ಒಳಗೊಂದು ಗಂಟು ಸಿಕ್ಕಿತು. ಮಗುವಿನ ಮೆತ್ತನೆ ಕೂದಲು, ಕಪ್ಪು ದಾರದಲ್ಲಿ ಏಳು ಸುತ್ತು ಸುತ್ತಿದ್ದು. ನಡುವೆ ಅಕ್ಕಿಕಾಳಿನಂಥ ಒಂದು ಹಾಲುಹಲ್ಲು. ತಾಯಿ ನೆನಪಿಗೆ ಇಟ್ಟುಕೊಂಡಿರಬೇಕು ಎಂದು ಅವಳು ಅದನ್ನು ಕಾಗದದಲ್ಲಿ ಮಡಚಿ ದಾರದ ಡಬ್ಬಿಗೆ ಹಾಕಿದಳು. ಮರುದಿನ ನೋಡಿದರೆ ಗಂಟು ಮತ್ತೆ ಕವಚದೊಳಗಿತ್ತು. ಮರೆತು ನಾನೇ ಇಟ್ಟಿರಬೇಕು ಎಂದುಕೊಂಡಳು. ನಂಬದವರ ಬಳಿ ಎಲ್ಲದಕ್ಕೂ ಒಂದು ಸಮಾಧಾನ ತಯಾರಿರುತ್ತದೆ.

ಒಟ್ಟಿಗೆ ಅಳಿಸಲು ಹೋದರೆ ಫೋನು ಹಳೆಯ ಪಾಸ್‌ವರ್ಡ್ ಕೇಳುತ್ತಿತ್ತು. ಹೆಂಗಸಿಗೆ ಕರೆ ಮಾಡಿದರೆ ಸ್ವಿಚ್ ಆಫ್. ಹೋಗಲಿ ಎಂದು ಊಟದ ಬಿಡುವಿನಲ್ಲಿ ಒಂದೊಂದೇ ಫೋಟೊ ಅಳಿಸತೊಡಗಿದಳು. ಎಲ್ಲದರಲ್ಲೂ ಒಬ್ಬ ಪುಟ್ಟ ಹುಡುಗ, ಒಬ್ಬ ತಾಯಿ. ತಾಯಿ ತುತ್ತು ತಿನ್ನಿಸುವುದು. ಅಳಿಸಿದಳು. ತಾಯಿ ತಲೆಗೆ ನೀರು ಹಾಕುವುದು. ಅಳಿಸಿದಳು. ತಾಯಿಯ ತೋಳಿನ ಮೇಲೆ ನಿದ್ದೆ. ಅಳಿಸಿದಳು. ಪ್ರತಿ ಸಲವೂ ಕೂದಲು ಸುಟ್ಟ ವಾಸನೆ ಮೂಗಿಗೆ ಬಡಿಯುತ್ತಿತ್ತು. ಇಸ್ತ್ರಿಯವನು ಏನೋ ಸೀಯಿಸಿದ ಎಂದು ಗೊಣಗಿದಳು.

ಅವತ್ತು ಸಂಜೆ ತುತ್ತು ಕಲೆಸಿ ಬಾಯಿಗೆ ಹಿಡಿದರೆ ಗುಬ್ಬಿ ಮುಖ ತಿರುಗಿಸಿತು. "ನಿಮ್ಮ ಕೈಯಿಂದ ಬೇಡ. ದೊಡ್ಡಮ್ಮ ತಿನ್ನಿಸಲಿ."

"ಇದೇನೇ 'ನಿಮ್ಮ' ಅಂತೀಯಾ? ದೊಡ್ಡ ಮನುಷ್ಯಳಾಗಿಬಿಟ್ಯಾ?" ಎಂದು ಅವಳು ಕೆನ್ನೆ ಹಿಂಡಿದಳು. ಮಗು ನಗಲಿಲ್ಲ. ತಲೆಗೆ ನೀರು ಹಾಕಲು ಕರೆದರೆ ಬರಲಿಲ್ಲ. ಮಲಗುವಾಗ ದಿಂಬು ಎತ್ತಿಕೊಂಡು ದೊಡ್ಡಮ್ಮನ ಹಾಸಿಗೆಗೆ ಹೋಯಿತು. ಮುನಿಸು ಎಂದುಕೊಂಡಳು. ಎರಡನೆಯ ದಿನ ಇನ್ನಷ್ಟು ಅಳಿಸಿದಳು. ಅವತ್ತು ಗುಬ್ಬಿ ಅವಳನ್ನು ಒಂದು ಸಲವೂ ಅಮ್ಮ ಎಂದು ಕರೆಯಲಿಲ್ಲ. ಆಗಲೂ ಅವಳಿಗೆ ಹೊಳೆಯಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂದು ಗಾದೆ ಕಟ್ಟಿದವರೂ ಹೀಗೆಯೇ ಎಲ್ಲೋ ಕೈ ಸುಟ್ಟುಕೊಂಡವರಿರಬೇಕು.

ಮೂರನೆಯ ದಿನ ಮಧ್ಯಾಹ್ನ ಎಲ್ಲರೂ ಊಟಕ್ಕೆ ಮೇಲೆ ಹೋಗಿದ್ದರು. ಅವಳು ಬಟ್ಟೆಯ ರಾಶಿಗೆ ಒರಗಿ ಕುಳಿತು ಉಳಿದ ಹದಿನಾರು ಫೋಟೊ ಮುಗಿಸಿಬಿಡೋಣವೆಂದು ಫೋನು ತೆಗೆದಳು. ನಾಲ್ಕು ಅಳಿಸುವಷ್ಟರಲ್ಲಿ ಕರೆಂಟು ಹೋಯಿತು. ನೆಲಮಾಳಿಗೆಯ ಕತ್ತಲೆಗೆ ಹಗಲು ರಾತ್ರಿಯ ಭೇದವಿಲ್ಲ. ಫ್ಯಾನುಗಳು ಕೊರಗುತ್ತ ನಿಂತವು. ಎಲ್ಲೋ ಒಂದು ನಲ್ಲಿ ತೊಟ್ಟಿಕ್ಕುತ್ತಿತ್ತು. ಫೋನಿನ ಬೆಳಕೊಂದೇ ಉಳಿಯಿತು.

ಸೈಲೆಂಟಿನಲ್ಲಿದ್ದ ಫೋನಿನೊಳಗಿಂದ ಮಗುವೊಂದು ಕಿಲಕಿಲ ನಕ್ಕಿತು. ಹುಡುಗನ ದನಿ.

ಅವಳು ಫೋನು ಆರಿಸಲು ಹೋದಳು. ಮುಂದಿನ ಫೋಟೊ ತೆರೆದುಕೊಂಡಿತು. ಅದರಲ್ಲಿ ಹುಡುಗ ಇರಲಿಲ್ಲ. ಗುಬ್ಬಿ ಇತ್ತು. ಅವಳ ಗುಬ್ಬಿ. ಪಕ್ಕದಲ್ಲಿ ಅವಳೇ, ಮಗಳ ಜಡೆ ಹೆಣೆಯುತ್ತ. ಅಂಥ ಫೋಟೊವನ್ನು ಯಾರೂ ಯಾವತ್ತೂ ತೆಗೆದಿರಲಿಲ್ಲ.

ಬೇಡ ಎಂದಳು. ಹೆಬ್ಬೆರಳು ಕೇಳಲಿಲ್ಲ. ಅಳಿಸಿತು. ಇನ್ನೊಂದು ಬಂತು. ಜ್ವರ ಬಂದ ಗುಬ್ಬಿ, ಅವಳ ಮಡಿಲಲ್ಲಿ. ಕೈ ಎಳೆದಳು. ಬರಲಿಲ್ಲ. ಗಾಜಿಗೆ ಬೆರಳು ಅಂಟಿತ್ತು. ಅಳಿಸಿತು. ಇನ್ನೊಂದು. ಮೊದಲ ದಿನ ಶಾಲೆಯ ಬಾಗಿಲಲ್ಲಿ ಸೆರಗು ಹಿಡಿದು ಅತ್ತ ಗುಬ್ಬಿ. ಅಳಿಸಿತು. ಕೂಗಿದಳು. ದನಿ ಬಟ್ಟೆಯ ರಾಶಿಯಲ್ಲಿ ಹೂತುಹೋಯಿತು. ಇನ್ನೊಂದು. ಇನ್ನೊಂದು. ವಾಸನೆ. ಸುಟ್ಟ ಕೂದಲಿನ ವಾಸನೆ. ಒಳಗೆ ಹುಡುಗ ನಗುತ್ತಿದ್ದ. ಇನ್ನು ಮೂರು. ಎರಡು. ಒಂದು.

ಕೊನೆಯದು. ಗುಬ್ಬಿಯ ಕೆಂಪು ಬೂಟು, ಅದರ ಮೇಲೆ ಲೇಸು ಕಟ್ಟುತ್ತಿರುವ ಅವಳ ಕೈಗಳು.

ಎಡಗೈಗೆ ಹೊಲಿಗೆ ಬಿಚ್ಚುವ ಪುಟ್ಟ ಕತ್ತಿ ಸಿಕ್ಕಿತು. ಅದನ್ನೆತ್ತಿ ಹೆಬ್ಬೆರಳಿಗೂ ಗಾಜಿಗೂ ನಡುವೆ ತುರುಕಿದಳು. ಎಳೆದಳು. ಚರ್ಮ ಕಿತ್ತು ಬಂತು. ಫೋನು ನೆಲಕ್ಕೆ ಬಿತ್ತು. ಬೆರಳಿನಿಂದ ರಕ್ತ ತೊಟ್ಟಿಕ್ಕುತ್ತಿತ್ತು. ಕೊನೆಯ ಫೋಟೊ ಹಾಗೇ ಉಳಿದಿತ್ತು.

ಅವಳು ಓಡಿದಳು. ಚಪ್ಪಲಿ ಎಲ್ಲಿ ಕಳಚಿತೋ ಗೊತ್ತಾಗಲಿಲ್ಲ. ಅಕ್ಕನ ಮನೆ ಬಾಗಿಲಲ್ಲಿ ಗುಬ್ಬಿ ಆಗತಾನೆ ಶಾಲೆಯಿಂದ ಬಂದು ನಿಂತಿತ್ತು. ರಕ್ತದ ಕೈಯಲ್ಲಿ, ಕೆದರಿದ ಕೂದಲಲ್ಲಿ ನುಗ್ಗಿಬಂದ ಹೆಂಗಸನ್ನು ನೋಡಿ ಮಗು ದೊಡ್ಡಮ್ಮನ ಹಿಂದೆ ಅಡಗಿಕೊಂಡಿತು.

"ದೊಡ್ಡಮ್ಮಾ, ಯಾರು ಈ ಆಂಟಿ?"

ಅಕ್ಕ ತಮಾಷೆ ಎಂದುಕೊಂಡು ಗದರಿದಳು. ಮಗುವಿನ ಕಣ್ಣು ನೋಡಿದ ಮೇಲೆ ಅದನ್ನು ಎದೆಗೆ ಅವುಚಿಕೊಂಡಳು. ಕಾಜಾ ಹೊಸ್ತಿಲ ಮೇಲೆಯೇ ಕುಸಿದಳು. ಗಂಡ ಸತ್ತ ದಿನವೂ ಅವಳು ಹಾಗೆ ಅತ್ತಿರಲಿಲ್ಲ.

ವೈದ್ಯರು ಗುಬ್ಬಿಯ ತಲೆಯ ಸ್ಕ್ಯಾನ್ ಮಾಡಿಸಿ, ಎಲ್ಲ ಸರಿಯಿದೆ ಎಂದರು. ಮಾರಿದವಳ ನಂಬರಿಗೆ ಅಕ್ಕನ ಫೋನಿನಿಂದ ದಿನಕ್ಕೆ ನೂರು ಸಲ ಕರೆ ಮಾಡಿದಳು. ಐದನೆಯ ದಿನ ಆ ಕಡೆಯಿಂದ ದನಿ ಬಂತು. ಹಿಂದೆ ಒಬ್ಬ ಹುಡುಗ "ಅಮ್ಮಾ, ನೋಡಿಲ್ಲಿ!" ಎಂದು ಕೂಗುತ್ತಿದ್ದ.

"ಎರಡು ವರ್ಷ ಆಗಿತ್ತು ಕಣ್ರೀ, ನನ್ನ ಮಗ ನನ್ನನ್ನ ಅಮ್ಮಾ ಅಂತ ಕರೆದು," ಎಂದು ಆ ಹೆಂಗಸು ಬಿಕ್ಕಿದಳು. "ನನಗೂ ಯಾರೋ ಹೀಗೇ ಮಾರಿದ್ರು. ಎಷ್ಟು ಹೇಳಿಕೊಟ್ರೂ ಬೆಳಿಗ್ಗೆ ಎದ್ರೆ ಮರೆತಿರತ್ತೆ ಮಗು. ಗಂಟು ಸುಟ್ಟು ನೋಡಿದೆ, ಫೋನ್ ಬಾವಿಗೆ ಹಾಕಿ ನೋಡಿದೆ, ಮತ್ತೆ ಬಂತು. ನೀವೂ ಮಾರಿಬಿಡಿ. ನಿಮ್ಮ ಮಗಳ ಫೋಟೊ ಅದರಲ್ಲಿ ಮತ್ತೆ ತುಂಬಿಕೊಂಡಿರತ್ತೆ. ತಗೊಂಡವರು ಅಳಿಸಬೇಕು, ನೀವಲ್ಲ. ನೀವು ಅಳಿಸದೆ ಕೊನೇದೊಂದು ಉಳಿದಿದ್ರೆ ಅದನ್ನ ಮಾತ್ರ ಮುಟ್ಟಬೇಡಿ, ಅದೂ ಹೋದ್ರೆ ಮತ್ತೆ ಯಾವ ದಾರೀನೂ ಇಲ್ಲ. ನನ್ನ ಕ್ಷಮಿಸಬೇಡಿ."

ನೆಲಮಾಳಿಗೆಯಲ್ಲಿ ಬಿದ್ದಿದ್ದ ಫೋನನ್ನು ಬಟ್ಟೆಯಲ್ಲಿ ಸುತ್ತಿ ತಂದು ಅವಳು ಜಾಹೀರಾತು ಹಾಕಿದಳು. ಹಾಕಲಿಲ್ಲವೆಂದರೆ ಸುಳ್ಳಾದೀತು. ಒಳ್ಳೆಯತನವೆಲ್ಲ ಹೊಟ್ಟೆ ತುಂಬಿದವರ ಮಾತು, ಅವಳದು ಒಡಲೇ ಬರಿದಾಗಿತ್ತು.

ಅದೇ ಚಹಾದಂಗಡಿಗೆ ಒಬ್ಬ ಬಡಗಿ ಬಂದ. ತೋಳಿನ ಕೂದಲ ಮೇಲೆ ಇನ್ನೂ ಮರದ ಪುಡಿಯಿತ್ತು. ಬಿಲ್ಲು ನೋಡಿದ, ನಂಬರು ತಾಳೆ ಹಾಕಿದ. "ಮುಂದಿನ ತಿಂಗಳು ಹೆಂಡ್ತಿಗೆ ದಿನ ತುಂಬತ್ತೆ," ಎಂದ ನಾಚುತ್ತ. "ಮಗು ಹುಟ್ಟಿದ ತಕ್ಷಣ ಫೋಟೊ ತೆಗೀಬೇಕು ಅಂತ ಅವಳ ಆಸೆ. ತೊಟ್ಟಿಲು ನಾನೇ ಮಾಡ್ತಿದ್ದೀನಿ. ಇದರಲ್ಲಿರೋದೆಲ್ಲ ಅಳಿಸಿ ಕೊಡ್ತೀರಾ ಅಕ್ಕಾ?"

ಹೇಳಬೇಕಾದ ಮಾತು ನಾಲಗೆಯ ತುದಿಯಲ್ಲೇ ಇತ್ತು. ಅಳಿಸೋಕೆ ನನಗೆ ಕೈ ಬರ್ತಿಲ್ಲ, ನೀವೇ ಅಳಿಸಿಕೊಂಡುಬಿಡಿ. ಅಷ್ಟೇ. ಅಷ್ಟು ಹೇಳಿದರೆ ಇನ್ನು ಮೂರು ದಿನದಲ್ಲಿ ಗುಬ್ಬಿ ಓಡಿಬಂದು ಕೊರಳಿಗೆ ಜೋತುಬೀಳುತ್ತದೆ. ಅವಳು ಬಾಯಿ ತೆರೆದಳು. ಬಡಗಿಯ ಹೆಬ್ಬೆರಳು ಕಣ್ಣಿಗೆ ಬಿತ್ತು. ಉಳಿಯ ಗಾಯದ ಗುರುತು ತುಂಬಿದ್ದ, ತೊಟ್ಟಿಲು ಮಾಡುತ್ತಿದ್ದ ಹೆಬ್ಬೆರಳು.

"ಇದನ್ನ ಮಾರಲ್ಲ ತಮ್ಮ," ಎಂದು ಫೋನು ಕಿತ್ತುಕೊಂಡಳು.

"ಇದೊಳ್ಳೆ ಕತೆ ಆಯ್ತಲ್ರೀ! ಎರಡು ಬಸ್ ಹಿಡಿದು ಬಂದಿದ್ದೀನಿ!"

ಅವನು ಬೈದುಕೊಂಡು ಹೋದ. ಅವಳು ತಿರುಗಿ ನೋಡದೆ ನಡೆದಳು, ಅಳುತ್ತಲೇ ನಡೆದಳು. ಫೋನು ಈಗ ಅವಳ ಹೊಲಿಗೆ ಪೆಟ್ಟಿಗೆಯ ತಳದಲ್ಲಿದೆ. ಗೋಣಿಯಲ್ಲಿ ಸುತ್ತಿ, ಯಾರ ಕೈಗೂ ಸಿಗದ ಹಾಗೆ ಸುತ್ತಲೂ ಹೊಲಿದು ಇಟ್ಟಿದ್ದಾಳೆ. ರಿಪೇರಿಯವನು ಅವಳನ್ನು ಕಂಡರೆ ಭೂತಗನ್ನಡಿ ತೆಗೆದು ತಲೆ ತಗ್ಗಿಸುತ್ತಾನೆ.

ಪ್ರತಿ ಬೆಳಿಗ್ಗೆ ಅವಳು ಮಗಳಿಗೆ ಹೊಸಬಳು. ಗುಬ್ಬಿಗೆ ತುತ್ತು ಕೊಡುವುದು ದೊಡ್ಡಮ್ಮ, ಜಡೆ ಹಾಕುವುದು ದೊಡ್ಡಮ್ಮ. ಇವಳು ಕೈ ಚಾಚಿದರೆ ಮಗು ಹಿಂದೆ ಸರಿಯುತ್ತದೆ. ಆದರೆ ಶಾಲೆಗೆ ಹೊರಡುವ ಹೊತ್ತಿಗೆ ಅದೇನು ಹೊಳೆಯುತ್ತದೋ, ಕೆಂಪು ಬೂಟು ಹಾಕಿಕೊಂಡು ಸೀದಾ ಇವಳ ಬಳಿಗೇ ಬಂದು, ಪುಟ್ಟ ಕಾಲನ್ನು ಇವಳ ಮಡಿಲಿಗೆ ಇಡುತ್ತದೆ.

"ಆಂಟಿ, ಲೇಸು ಕಟ್ಟಿ. ನೀವು ಕಟ್ಟಿದ್ರೇನೇ ಸರಿ ಆಗೋದು."

ಅವಳು ಕಟ್ಟುತ್ತಾಳೆ. ನಿಧಾನವಾಗಿ, ಎಷ್ಟು ನಿಧಾನ ಸಾಧ್ಯವೋ ಅಷ್ಟು. ಅವಳು ಹಾಕಿದ ಗುಂಡಿ ಒಂದೂ ಉದುರಿದ್ದಿಲ್ಲ ಎಂದು ಇಡೀ ಕಾರ್ಖಾನೆಯೇ ಹೇಳುತ್ತದೆ. ಮಗಳ ಬೂಟಿನ ಗಂಟನ್ನು ಮಾತ್ರ ಅವಳು ಬೇಕೆಂದೇ ಸಡಿಲ ಬಿಡುತ್ತಾಳೆ. ಬೀದಿಯ ಕೊನೆ ಮುಟ್ಟುವಷ್ಟರಲ್ಲಿ ಅದು ಬಿಚ್ಚಿಕೊಳ್ಳುತ್ತದೆ. ಆಗ ಮಗು ನಿಂತು, ಹಿಂತಿರುಗಿ ನೋಡಿ, ಇನ್ನೊಂದು ಸಲ ಅವಳನ್ನು ಕರೆಯುತ್ತದೆ.